ಕಾರು ನಿಲ್ಲಿಸುವ ಜಾಗದ ಶಟರ್ ಮೋಟಾರನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸುವುದು ಹೇಗೆ? (ಪುಣೆ)

ಬಾಣೇರ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಬಾಣೇರ್‌ನಲ್ಲಿ ನಮ್ಮದು ರೋ ಹೌಸ್. ನೆಲಮಹಡಿಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಕಬ್ಬಿಣದ ರೋಲಿಂಗ್ ಶಟರ್ ಇದೆ. ಅದಕ್ಕೆ ಪಕ್ಕದಲ್ಲಿ ಕೂರುವ ಚೈನ್ ಮೋಟಾರ್ ಹಾಕಿಸಿದ್ದೇವೆ. ಎರಡು ರಿಮೋಟ್ ಕೊಟ್ಟಿದ್ದಾರೆ. ಗೋಡೆಯ ಮೇಲೆ ಮೂರು ಗುಂಡಿಗಳ ಪೆಟ್ಟಿಗೆ ಇದೆ: ಮೇಲೆ, ನಿಲ್ಲಿಸು, ಕೆಳಗೆ.

ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ, ಮನೆಯ ಉಪಕರಣಗಳನ್ನು ಮೊಬೈಲ್‌ನಿಂದ ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ ಓಡುತ್ತಿದೆ. ದೀಪಗಳು, ಗೀಸರ್, ನೀರಿನ ಟ್ಯಾಂಕಿನ ಪಂಪು ಎಲ್ಲ ಅದರಲ್ಲಿವೆ. ಶಟರ್ ಮಾತ್ರ ಹೊರಗುಳಿದಿದೆ. ನನಗೆ ಮುಖ್ಯವಾಗಿ ಬೇಕಾಗಿರುವುದು ರಾತ್ರಿ ಮಲಗುವ ಹೊತ್ತಿಗೆ ಶಟರ್ ಪೂರ್ತಿ ಮುಚ್ಚಿದೆಯೋ ಇಲ್ಲವೋ ಎಂದು ಮೇಲಿನ ಮಹಡಿಯಲ್ಲೇ ತಿಳಿಯುವುದು. ಅದಾದ ಮೇಲೆ ರಿಮೋಟ್ ಇಲ್ಲದೆ ಮೊಬೈಲ್‌ನಿಂದ ತೆರೆಯುವುದು. ಧಾರವಾಡದಿಂದ ಅಪ್ಪ, ಅಮ್ಮ ಬಂದು ನಮ್ಮೊಂದಿಗೆ ಇರುತ್ತಾರೆ. ಅವರಿಗೆ ಗೋಡೆಯ ಗುಂಡಿಗಳೇ ಅಭ್ಯಾಸ, ಅವು ಈಗಿನಂತೆಯೇ ಕೆಲಸ ಮಾಡಬೇಕು.

ಮೋಟಾರ್ ಕೂರಿಸಿದವರನ್ನು ಕೇಳಿದರೆ, ಇದಕ್ಕೆ ಏನೂ ಸೇರಿಸಲು ಬರುವುದಿಲ್ಲ, ಆಪ್ ಇರುವ ಹೊಸ ಮೋಟಾರ್ ತೆಗೆದುಕೊಳ್ಳಿ ಎನ್ನುತ್ತಾರೆ. ಇದು ನಿಜವೇ?

ಪಿಂಪ್ರಿ ಗೇಟು ಕೆಲಸ

ಹೊಸ ಮೋಟಾರ್ ಖಂಡಿತ ಬೇಡ ಸರ್. ನಾನು ಪಿಂಪ್ರಿ, ಚಿಂಚವಡ ಕಡೆ ಗೇಟು ಮತ್ತು ಶಟರ್ ಮೋಟಾರ್ ಕೂರಿಸುವ ಕೆಲಸ ಮಾಡುತ್ತೇನೆ, ಊರು ಇಂಡಿ. ನಿಮ್ಮ ಮೋಟಾರಿಗೆ ರಿಮೋಟ್ ಇದೆ ಎಂದ ಮೇಲೆ ಒಳಗೊಂದು ಕಂಟ್ರೋಲ್ ಬೋರ್ಡ್ ಇದ್ದೇ ಇರುತ್ತದೆ. ಗೋಡೆಯ ಗುಂಡಿಗಳ ತಂತಿ ಹೆಚ್ಚಾಗಿ ಆ ಬೋರ್ಡಿಗೇ ಬರುತ್ತದೆ.

ನೀವು ಮೊದಲು ನೋಡಬೇಕಾದದ್ದು ಆ ತಂತಿಯಲ್ಲಿ ಏನಿದೆ ಎಂಬುದನ್ನು. ಕೆಲವು ಮೋಟಾರುಗಳಲ್ಲಿ ಗೋಡೆಯ ಗುಂಡಿಗೇ 230 ವೋಲ್ಟ್ ಬರುತ್ತದೆ, ಮೋಟಾರಿನ ಕರೆಂಟ್ ಪೂರ್ತಿ ಅದರೊಳಗೆ ಹರಿಯುತ್ತದೆ. ಇನ್ನು ಕೆಲವದರಲ್ಲಿ ಬೋರ್ಡು ಕೊಡುವ 12 ಅಥವಾ 24 ವೋಲ್ಟ್‌ನ ಸಣ್ಣ ಸಿಗ್ನಲ್ ಮಾತ್ರ ಇರುತ್ತದೆ. ಎರಡನೆಯದಾದರೆ ಕೆಲಸ ಸುಲಭ. ಗುಂಡಿಯ ಎರಡು ತಂತಿಗಳಿಗೆ ಸಮಾನಾಂತರವಾಗಿ ಒಂದು ರಿಲೇಯ (ವಿದ್ಯುತ್ತಿನಿಂದ ನಡೆಯುವ ಪುಟ್ಟ ಸ್ವಿಚ್ಚು) ಡ್ರೈ ಕಾಂಟ್ಯಾಕ್ಟ್, ಅಂದರೆ ತನ್ನದೇ ವೋಲ್ಟೇಜ್ ಇಲ್ಲದೆ ಬರೀ ಕೂಡಿಸಿ ಬಿಡುವ ಎರಡು ತುದಿ, ಕೊಟ್ಟು ಅರ್ಧ ಸೆಕೆಂಡ್ ಕೂಡಿಸಿ ಬಿಟ್ಟರೆ ಯಾರೋ ಗುಂಡಿ ಒತ್ತಿದಂತೆಯೇ ಬೋರ್ಡು ತಿಳಿದುಕೊಳ್ಳುತ್ತದೆ. ಗೋಡೆಯ ಗುಂಡಿಯೂ ರಿಮೋಟೂ ಹಾಗೆಯೇ ಉಳಿಯುತ್ತವೆ.

ಎಂಸಿಬಿ ಇಳಿಸಿಯೇ ಮುಚ್ಚಳ ತೆಗೆಯಿರಿ. ಕರೆಂಟ್ ಹಿಡಿದಿಡುವ ಕೆಪಾಸಿಟರ್ ಇರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ. ಬೋರ್ಡಿನ ಟರ್ಮಿನಲ್‌ಗಳ ಮೇಲೆ ಬರೆದಿರುವುದನ್ನು ಓದಿ ಇಲ್ಲಿ ಹಾಕಿ.

ಹಿಂಜವಡಿ ಇಂಜಿನಿಯರ್

ಪಿಂಪ್ರಿಯ ಅಣ್ಣ ಹೇಳಿದ್ದು ಸರಿ. ರಿಲೇ ಕೊಳ್ಳುವಾಗ ಎಚ್ಚರ ಬೇಕು. ಅಂಗಡಿಯಲ್ಲಿ ಸಿಗುವ ಸ್ಮಾರ್ಟ್ ಸ್ವಿಚ್‌ಗಳಲ್ಲಿ ಬಹುಪಾಲು ಒಳಗೆ ಬಂದ 230 ವೋಲ್ಟನ್ನೇ ಹೊರಗೆ ಬಿಡುತ್ತವೆ. ಸೋನಾಫ್ ಬೇಸಿಕ್ ಅಂಥದ್ದು. ಅದರ ಔಟ್‌ಪುಟ್ಟನ್ನು ಗುಂಡಿಯ ಟರ್ಮಿನಲ್‌ಗೆ ಕೊಟ್ಟರೆ ಬೋರ್ಡು ಸುಟ್ಟೇ ಹೋಗುತ್ತದೆ. ಶೆಲ್ಲಿ 1 ಎಂಬ ವೈಫೈ ಸ್ವಿಚ್‌ನಲ್ಲಿ ರಿಲೇಯ ಎರಡು ತುದಿಗಳು ವಿದ್ಯುತ್ ಪೂರೈಕೆಯಿಂದ ಪ್ರತ್ಯೇಕವಾಗಿವೆ, ಅದು ನಡೆಯುತ್ತದೆ. ಶೆಲ್ಲಿ 1ಪಿಎಂ ನೋಡಲು ಹಾಗೆಯೇ ಇದ್ದರೂ ಅದರಲ್ಲಿ ಈ ಪ್ರತ್ಯೇಕತೆ ಇಲ್ಲ. ಶೆಲ್ಲಿ ಯೂನಿ ಬೋರ್ಡಿನ 12 ಅಥವಾ 24 ವೋಲ್ಟ್‌ನಲ್ಲೇ ಓಡುತ್ತದೆ. ಅದಕ್ಕೆ ಎರಡು ಔಟ್‌ಪುಟ್, ಎರಡು ಇನ್‌ಪುಟ್ ಇವೆ.

ನಿಮಗೆ ಮೂರು ಗುಂಡಿಗಳಿರುವುದರಿಂದ ನನ್ನ ಒಲವು ಇಎಸ್‌ಪಿ ಬೋರ್ಡು (ವೈಫೈ ಇರುವ ಪುಟ್ಟ ಚಿಪ್ ಬೋರ್ಡು) ಮತ್ತು ಅದನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸುವ ಇಎಸ್‌ಪಿಹೋಮ್ ತಂತ್ರಾಂಶದ ಕಡೆಗೆ. ಮೂರು ರಿಲೇ, ಎರಡು ಸೆನ್ಸರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಇದಕ್ಕೆ ಬೇಕಾದ ಸಾಮಾನು ಸಿಗುತ್ತದೆ.

ಇದರಲ್ಲಿ ನಾನು ಒತ್ತಿ ಹೇಳುವುದು ವಿದ್ಯುತ್ ಹೋಗಿ ಬರುವ ಕ್ಷಣದ ಬಗ್ಗೆ. ಇಎಸ್‌ಪಿ8266 ಚಿಪ್ ಎಚ್ಚರಗೊಳ್ಳುವಾಗ ಅದರ ಹಲವು ಪಿನ್‌ಗಳು ಒಂದು ಕ್ಷಣ ತಾವಾಗಿಯೇ ವೋಲ್ಟೇಜ್ ಹೊರಬಿಡುತ್ತವೆ. ಜಿಪಿಐಒ (ಪಿನ್ ಸಂಖ್ಯೆ) 16, 0, 2, 1, 3 ಎಲ್ಲ ಈ ಜಾತಿಯವು. ಅಲ್ಲಿ ರಿಲೇ ಕಟ್ಟಿದ್ದರೆ ನೀವು ಊರಲ್ಲಿಲ್ಲದಾಗ ವಿದ್ಯುತ್ ಹೋಗಿ ಬಂದ ಕೂಡಲೇ ಶಟರ್ ತಾನಾಗಿ ಮೇಲೆ ಹೋಗಿಬಿಡಬಹುದು. 4 ಮತ್ತು 5 ಶಾಂತವಾಗಿರುತ್ತವೆ, ಮೇಲೆ ಮತ್ತು ಕೆಳಗೆ ರಿಲೇಗಳಿಗೆ ಅವನ್ನೇ ಬಳಸಿ. ಅಗ್ಗದ ನೀಲಿ ರಿಲೇ ಬೋರ್ಡುಗಳಲ್ಲಿ ಹೆಚ್ಚಿನವು ಸಿಗ್ನಲ್ ಕೆಳಗಿಳಿದಾಗ ಕೂಡಿಕೊಳ್ಳುವಂಥವು. ಸಿಗ್ನಲ್ ಮೇಲೇರಿದಾಗ ಕೂಡಿಕೊಳ್ಳುವುದನ್ನು ಕೇಳಿ ತೆಗೆದುಕೊಳ್ಳಿ, ಇನ್‌ಪುಟ್‌ನಿಂದ ಗ್ರೌಂಡಿಗೆ ಒಂದು 10 ಕಿಲೋಓಮ್ ರೆಸಿಸ್ಟರ್ ಹಾಕಿ. ಇಎಸ್‌ಪಿಹೋಮ್‌ನಲ್ಲಿ ರಿಲೇಗಳು ಚಾಲೂ ಆದಾಗಲೆಲ್ಲ ಆರಿದ ಸ್ಥಿತಿಯಲ್ಲೇ ಇರಬೇಕೆಂದು ಬರೆಯಿರಿ. ಮೇಲೆ ಮತ್ತು ಕೆಳಗೆ ಎರಡೂ ಒಟ್ಟಿಗೆ ಕೂಡದಂತೆ ಇಂಟರ್‌ಲಾಕ್ ಹಾಕಿ, ನಡುವೆ ಸ್ವಲ್ಪ ವಿರಾಮ ಕೊಡಿ. ಆಮೇಲೆ ಮೋಟಾರಿನ ತಂತಿ ಜೋಡಿಸುವ ಮುಂಚೆ ಬರೀ ರಿಲೇ ಬೋರ್ಡನ್ನು ಮೇಜಿನ ಮೇಲಿಟ್ಟು ಪ್ಲಗ್ ಕಿತ್ತು ಹಾಕಿ, ಕಿತ್ತು ಹಾಕಿ ನೋಡಿ. ಒಂದು ಸಲವೂ ಟಿಕ್ ಎನ್ನಬಾರದು.

ಮುಲುಂಡ್ ಮನೆ

ಮುಂಬೈಯಲ್ಲಿ ನಮ್ಮದು ಹಳೆಯ ಬಂಗಲೆ, ಜಾರುವ ಗೇಟು. ಇದನ್ನೆಲ್ಲ ಮಾಡಿ ಮುಗಿಸಿದ್ದೇನೆ. ಇಷ್ಟು ಮಾಡಿದ ಮೇಲೆ ರಾತ್ರಿ 10ಕ್ಕೆ ತಾನಾಗಿ ಮುಚ್ಚುವ ಆಟೊಮೇಷನ್ ಒಂದನ್ನು ಬರೆದುಬಿಡಿ, ನೆನಪಿನ ಗೊಡವೆಯೇ ಇಲ್ಲ. ಇನ್ನೊಂದು, ಮೊಬೈಲ್ ಮನೆಯ ವಲಯದೊಳಗೆ ಬಂದ ಕೂಡಲೇ ತೆರೆಯುವುದು. ಕಾರು ತಿರುವಿಗೆ ಬರುವಷ್ಟರಲ್ಲಿ ಗೇಟು ತೆರೆದಿರುತ್ತದೆ. ಮಳೆಗಾಲದಲ್ಲಿ ಇಳಿಯುವ ಕೆಲಸವಿಲ್ಲ.

ಪಿಂಪ್ರಿ ಗೇಟು ಕೆಲಸ

ಮುಲುಂಡ್ ಸರ್, ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಗೇಟಿಗೆ ಫೋಟೋ ಸೆಲ್ (ಬಾಗಿಲಿಗಡ್ಡ ಕಿರಣ ಹಾಯಿಸಿ, ಅಡ್ಡ ಬಂದದ್ದನ್ನು ಗುರುತಿಸುವ ಜೋಡಿ ಕಣ್ಣು) ಇರಬಹುದು, ಗೇಟಿನ ಬೋರ್ಡುಗಳಲ್ಲಿ ಅದಕ್ಕೆ ಜಾಗ ಇದ್ದೇ ಇರುತ್ತದೆ. ಚೈನ್ ಮೋಟಾರಿನ ಶಟರಿಗೆ ನಮ್ಮಲ್ಲಿ ಹತ್ತರಲ್ಲಿ ಒಬ್ಬರೂ ಫೋಟೋ ಸೆಲ್ ಹಾಕಿಸುವುದಿಲ್ಲ. ಅದರಡಿ ಏನಿದೆ ಎಂದು ಮೋಟಾರಿಗೆ ಗೊತ್ತಾಗುವುದಿಲ್ಲ. ಕಬ್ಬಿಣದ ಪರದೆ ತನ್ನ ಭಾರದ ಮೇಲೆಯೇ ಇಳಿಯುತ್ತದೆ. ಕಾರಿನ ಡಿಕ್ಕಿ ಇರಲಿ, ಮಗುವಿನ ಸೈಕಲ್ ಇರಲಿ, ಹೊಸ್ತಿಲ ಮೇಲೆ ಮಲಗಿದ ನಾಯಿ ಇರಲಿ, ಅದು ಇಳಿಯುತ್ತಲೇ ಹೋಗುತ್ತದೆ.

ಅಮೆರಿಕದಲ್ಲಿ 1993ರ ಜನವರಿಯಿಂದ ತಯಾರಾದ ಮನೆಬಳಕೆಯ ಗ್ಯಾರೇಜ್ ಮೋಟಾರುಗಳಿಗೆಲ್ಲ ಅಡ್ಡ ಬಂದದ್ದನ್ನು ಗುರುತಿಸಿ ಹಿಂದಿರುಗುವ ವ್ಯವಸ್ಥೆ ಕಡ್ಡಾಯ. ಬಾಗಿಲಿಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ ಬಂದ ನಿಯಮ ಅದು. ಯಾರೂ ಎದುರಿಲ್ಲದೆ ದೂರದಿಂದ ಮುಚ್ಚಬೇಕಾದರೆ ಮುಂಚೆ 5 ಸೆಕೆಂಡ್ ದೀಪ ಮಿನುಗಿ ಸದ್ದು ಆಗಲೇಬೇಕೆಂದೂ ಅಲ್ಲಿನ ಯುಎಲ್ 325 ಮಾನದಂಡ ಹೇಳುತ್ತದೆ. ನಾವು ಅವರ ಆಪ್‌ಗಳನ್ನು ನೋಡಿ ಹಾಗೆಯೇ ಬೇಕು ಎನ್ನುತ್ತೇವೆ, ಅವರ ಬಾಗಿಲಿನ ಬುಡದಲ್ಲಿರುವ ಆ ಎರಡು ಕಣ್ಣುಗಳನ್ನು ಮಾತ್ರ ಕೊಳ್ಳುವುದಿಲ್ಲ.

ಬಾಣೇರ್ ಸರ್, ತೆರೆಯುವುದನ್ನು ಎಲ್ಲಿಂದಲಾದರೂ ಮಾಡಿ. ಮುಚ್ಚುವುದನ್ನು ಫೋಟೋ ಸೆಲ್ ಕೂರುವವರೆಗೆ ಶಟರ್ ಕಣ್ಣಿಗೆ ಕಾಣುವ ಕಡೆ ನಿಂತೇ ಮಾಡಿ.

ಮುಲುಂಡ್ ಮನೆ

ಫೋಟೋ ಸೆಲ್ ನನ್ನ ಗೇಟಿಗೆ ಇದೆ, ಅದನ್ನು ಹೇಳಬೇಕಿತ್ತು. ಆದರೆ ತೆರೆದೇ ಉಳಿದ ಶಟರಿನಿಂದ ಕಳವಾದರೆ? ರಾತ್ರಿಯಿಡೀ ತೆರೆದಿರುವುದೂ ಅಪಾಯವೇ ಅಲ್ಲವೇ?

ಹಿಂಜವಡಿ ಇಂಜಿನಿಯರ್

ಅಪಾಯವೇ. ಅದಕ್ಕೆ ಉತ್ತರ, ರಾತ್ರಿ 10ಕ್ಕೆ ಶಟರ್ ತೆರೆದಿದ್ದರೆ ಮೊಬೈಲ್‌ಗೆ ಸೂಚನೆ ಬರಬೇಕು, ಮುಚ್ಚುವವರೆಗೂ ಹತ್ತು ನಿಮಿಷಕ್ಕೊಮ್ಮೆ ಬರುತ್ತಲೇ ಇರಬೇಕು. ಮನೆಯಲ್ಲಿರುವ ಒಬ್ಬರು ಇಳಿದು ಹೋಗಿ ಗುಂಡಿ ಒತ್ತುತ್ತಾರೆ. ಮನೆಯಲ್ಲಿ ಯಾರೂ ಇಲ್ಲದ ದಿನ ಕ್ಯಾಮೆರಾದಲ್ಲಿ ನೋಡಿ ಮುಚ್ಚಬೇಕೆಂದರೆ ಫೋಟೋ ಸೆಲ್ ಮತ್ತು ಹೂಟರ್ ಎರಡೂ ಇರಲಿ.

ಫೋಟೋ ಸೆಲ್ಲಿನ ತಂತಿ ಹೋಗಬೇಕಾದದ್ದು ಮೋಟಾರ್ ಬೋರ್ಡಿಗೆ. ಇಎಸ್‌ಪಿಗೆ ಕೊಟ್ಟು, ಅಡ್ಡ ಬಂದರೆ ನಿಲ್ಲಿಸು ಎಂದು ಹೋಮ್ ಅಸಿಸ್ಟೆಂಟ್‌ನಲ್ಲಿ ಬರೆಯುವವರಿದ್ದಾರೆ. ವೈಫೈ ಒಂದು ಕ್ಷಣ ತಡವರಿಸಿದರೆ, ಪೈನ ಮೆಮೊರಿ ಕಾರ್ಡು ಕೆಟ್ಟರೆ ಆ ರಕ್ಷಣೆ ಅಲ್ಲಿಗೆ ಮುಗಿಯಿತು. ನಾವು ಸೇರಿಸುತ್ತಿರುವ ಪೆಟ್ಟಿಗೆ ಗುಂಡಿ ಒತ್ತುವ ಒಂದು ಬೆರಳು, ಅಷ್ಟೇ. ನಿಲ್ಲಬೇಕೋ ಬೇಡವೋ ಎಂಬ ತೀರ್ಮಾನ ಮೋಟಾರಿನ ಪಕ್ಕದಲ್ಲೇ ಆಗಬೇಕು. ಫೋಟೋ ಸೆಲ್ಲಿನ ಕಾಂಟ್ಯಾಕ್ಟ್ ಸಾಮಾನ್ಯವಾಗಿ ಕೂಡಿದ್ದು, ಕಿರಣ ತಡೆದಾಗ ಬಿಡುತ್ತದೆ. ಹಾಗಾಗಿ ಇಲಿ ತಂತಿ ಕಡಿದರೂ ಬೋರ್ಡು ಅದನ್ನು ಅಡಚಣೆ ಎಂದೇ ತಿಳಿದು ಮುಚ್ಚಲು ಒಪ್ಪುವುದಿಲ್ಲ.

ಇನ್ನು ಮೊಬೈಲ್ ಹತ್ತಿರ ಬಂದಾಗ ತೆರೆಯುವುದು. ಹೋಮ್ ಅಸಿಸ್ಟೆಂಟ್‌ನಲ್ಲಿ ಮನೆಯ ವಲಯ ಮೊದಲಿಗೆ 100 ಮೀಟರ್ ಇರುತ್ತದೆ. ಬಾಣೇರ್‌ನ ಎತ್ತರದ ಕಟ್ಟಡಗಳ ನಡುವೆ ಮೊಬೈಲ್‌ನ ಜಿಪಿಎಸ್ ಅಷ್ಟು ದೂರ ಜಿಗಿಯುವುದು ಮಾಮೂಲು. ನೀವು ಮನೆಯಲ್ಲೇ ಮಲಗಿದ್ದಾಗ ಅದು ಒಮ್ಮೆ ಹೊರಗೆ ಹೋಗಿ ಒಳಗೆ ಬಂದಂತೆ ತೋರಿದರೆ ನಡುರಾತ್ರಿ ಶಟರ್ ತೆರೆದುಕೊಳ್ಳುತ್ತದೆ. ಇದಕ್ಕಿಂತ ಕಾರಿನ ಪರದೆಯೇ ಒಳ್ಳೆಯದು. ಹೋಮ್ ಅಸಿಸ್ಟೆಂಟ್‌ನ ಮೊಬೈಲ್ ಆಪ್ ಆಂಡ್ರಾಯ್ಡ್ ಆಟೊದಲ್ಲೂ ಕಾರ್‌ಪ್ಲೇಯಲ್ಲೂ ಬರುತ್ತದೆ. ಶಟರ್ ಎದುರಿಗೆ ಬಂದು ಒಂದು ಸಲ ಮುಟ್ಟಿದರೆ ಆಯಿತು.

ಬಾಣೇರ್ ನಿವಾಸಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಎಂಸಿಬಿ ಇಳಿಸಿ ಮುಚ್ಚಳ ತೆಗೆದು ನೋಡಿದೆ. ಬೋರ್ಡಿನ ಹಸಿರು ಟರ್ಮಿನಲ್ ಪಟ್ಟಿಯಲ್ಲಿ ಎಡದಿಂದ ಕಾಮ್, ಅಪ್, ಸ್ಟಾಪ್, ಡೌನ್ ಎಂದಿದೆ. ಗೋಡೆಯಿಂದ ಬಂದ ನಾಲ್ಕು ತೆಳು ತಂತಿಗಳು ಅಲ್ಲಿವೆ. ಮತ್ತೆ ಕರೆಂಟ್ ಕೊಟ್ಟು ಮಲ್ಟಿಮೀಟರ್ ಹಿಡಿದರೆ ಕಾಮ್ ಮತ್ತು ಅಪ್ ನಡುವೆ 12 ವೋಲ್ಟ್ ಡಿಸಿ ತೋರಿಸುತ್ತದೆ. ಅವುಗಳ ಬಲಕ್ಕೆ ಐಆರ್ ಎಂದು ಬರೆದ ಎರಡು ತಿರುಪುಗಳಿವೆ, ಅವೆರಡನ್ನೂ ಗೇಣಿನ ಕಾಲು ಭಾಗದಷ್ಟು ಉದ್ದದ ಕೆಂಪು ತಂತಿಯೊಂದು ಕೂಡಿಸಿದೆ. ಆ ತಂತಿ ಏನು?

ಪಿಂಪ್ರಿ ಗೇಟು ಕೆಲಸ

ಫೋಟೋ ಸೆಲ್ಲಿನ ಜಾಗವೇ ಅದು! ಒಳ್ಳೆಯ ಬೋರ್ಡು ಬಂದಿದೆ ನಿಮಗೆ. ಫೋಟೋ ಸೆಲ್ ಹಾಕದ ಕಾರಣ ಆ ಎರಡನ್ನೂ ಶಾರ್ಟ್ ಮಾಡಿದ್ದಾರೆ. ಕೆಂಪು ತಂತಿ ತೆಗೆದ ಮೇಲೆ ಗುಂಡಿ ಒತ್ತಿದರೆ ಶಟರ್ ಮೇಲೆ ಹೋಗುತ್ತದೆ, ಕೆಳಗೆ ಬರುವುದಿಲ್ಲ. ಒಮ್ಮೆ ಮಾಡಿ ನೋಡಿ, ಖಚಿತವಾಗುತ್ತದೆ. ಫೋಟೋ ಸೆಲ್ ತಂದು ಅದರ ಕಾಂಟ್ಯಾಕ್ಟನ್ನು ಅಲ್ಲಿಗೆ ಕೊಡಿ. ನೆಲದಿಂದ ಒಂದು ಗೇಣಿಗಿಂತ ಎತ್ತರ ಬೇಡ. ಮೇಲೆ ಕೂರಿಸಿದರೆ ಕಿರಣ ಮಲಗಿದ ನಾಯಿಯ ಮೇಲಿಂದ ಹಾದುಹೋಗುತ್ತದೆ.

ಸ್ಟಾಪ್ ಗುಂಡಿಯನ್ನು ಮಾತ್ರ ಪರೀಕ್ಷಿಸಿ. ಕೆಲವು ಬೋರ್ಡುಗಳಲ್ಲಿ ಅದು ಸದಾ ಕೂಡಿದ್ದು, ಒತ್ತಿದಾಗ ಬಿಡುತ್ತದೆ. ಹಾಗಿದ್ದರೆ ರಿಲೇಯನ್ನು ಸಮಾನಾಂತರವಾಗಿ ಹಾಕಿ ಪ್ರಯೋಜನವಿಲ್ಲ. ರಿಲೇಯ ಎನ್‌ಸಿ (ಸದಾ ಕೂಡಿರುವ) ಕಾಂಟ್ಯಾಕ್ಟನ್ನು ಗುಂಡಿಯ ಜೊತೆ ಸರಣಿಯಲ್ಲಿ ಸೇರಿಸಬೇಕು.

ಫೋಂಡಾ ತೋಟದ ಮನೆ

ಗೋವೆಯಿಂದ ನಮಸ್ಕಾರ. ನಮ್ಮ ಮೂಲ ಅಂಕೋಲಾ ಕಡೆ. ಫೋಂಡಾ ಹತ್ತಿರ ತೋಟದ ಮನೆಗೆ ಇಂಥದ್ದೇ ಮಾಡಿಕೊಂಡಿದ್ದೇವೆ. ಇಲ್ಲಿ ಯಾರೂ ಇನ್ನೂ ಮಾತಾಡದ ವಿಷಯ ಶಟರ್ ಮುಚ್ಚಿದೆಯೇ ಎಂದು ತಿಳಿಯುವುದು. ನೀವು ಮೊದಲು ಕೇಳಿದ್ದೇ ಅದು.

ಇಷ್ಟು ಸೆಕೆಂಡ್ ಓಡಿತು, ಆದ್ದರಿಂದ ಮುಚ್ಚಿದೆ ಎಂದು ಲೆಕ್ಕ ಹಾಕುವ ಕ್ರಮ ನಂಬಿಕೆಗೆ ಯೋಗ್ಯವಲ್ಲ. ಯಾರಾದರೂ ರಿಮೋಟ್ ಒತ್ತಿದರೆ, ಕೈಯಿಂದ ಚೈನ್ ಎಳೆದರೆ ಆ ಲೆಕ್ಕ ತಪ್ಪುತ್ತದೆ. ಅಯಸ್ಕಾಂತದ ಸ್ವಿಚ್ ಹಾಕಿ, ಕೆಳಗೊಂದು, ಮೇಲೊಂದು. ಕಿಟಕಿಗೆ ಅಂಟಿಸುವ ಬಿಳಿ ಪ್ಲಾಸ್ಟಿಕ್ಕಿನದು ಕಬ್ಬಿಣದ ಶಟರಿಗೆ ಆಗದು. ಕಬ್ಬಿಣದ ಮೇಲೆ ಅದರ ಹಿಡಿತದ ದೂರ ಬಹಳ ಕುಗ್ಗುತ್ತದೆ, ಮಳೆಗಾಲದ ಗಾಳಿಗೆ ಶಟರ್ ಅಲುಗಿದರೂ ತೆರೆದಿದೆ ಎನ್ನುತ್ತದೆ. ರೋಲಿಂಗ್ ಶಟರಿಗೆಂದೇ ನೆಲಕ್ಕೆ ತಿರುಪು ಹಾಕುವ ಲೋಹದ ಮೈಯ, ಉಕ್ಕಿನ ಕವಚದ ಕೇಬಲ್ ಇರುವ ಸೆನ್ಸರ್ ಸಿಗುತ್ತದೆ. ಕಳ್ಳರ ಅಲಾರಂ ಕೂರಿಸುವವರಲ್ಲಿ ಕೇಳಿ.

ಅಯಸ್ಕಾಂತ ಹತ್ತಿರ ಬಂದಾಗ ಸರ್ಕ್ಯೂಟ್ ಕೂಡುವ ಬಗೆಯದನ್ನೇ ಆರಿಸಿ. ಆಗ ಕೂಡಿದೆ ಎಂದರೆ ಮುಚ್ಚಿದೆ. ತಂತಿ ತುಂಡಾದರೆ ತೆರೆದಿದೆ ಎಂದು ತೋರಿಸಿ ನಿಮ್ಮನ್ನು ಎಬ್ಬಿಸುತ್ತದೆ. ತುಂಡಾದ ತಂತಿ ಮುಚ್ಚಿದೆ ಎಂದು ಹೇಳುವಂತೆ ಆಗಬಾರದು. ಕೆಳಗಿನ ಸೆನ್ಸರ್ ಹೌದು ಎಂದರೆ ಮಾತ್ರ ಮುಚ್ಚಿದೆ, ಎರಡೂ ಇಲ್ಲ ಎಂದರೆ ನಡುವೆ ಎಲ್ಲೋ ನಿಂತಿದೆ. ಇಎಸ್‌ಪಿಹೋಮ್‌ನಲ್ಲಿ ಎರಡು ತುದಿಯ ಸೆನ್ಸರ್ ಮತ್ತು ಓಡುವ ಸಮಯ ಎರಡನ್ನೂ ತೆಗೆದುಕೊಳ್ಳುವ ಫೀಡ್‌ಬ್ಯಾಕ್ ಕವರ್ (ಶಟರ್, ಪರದೆಗಳಿಗೆ ಅಲ್ಲಿ ಕವರ್ ಎನ್ನುತ್ತಾರೆ) ಎಂಬ ಬಗೆ ಇದೆ, ಅದು ನಿಮಗೆ ಸರಿಹೊಂದುತ್ತದೆ.

ಪೆಟ್ಟಿಗೆಯ ಬಗ್ಗೆಯೂ ಹೇಳಬೇಕು. ನಮ್ಮ ಕಡೆಯ ಮಳೆಯಲ್ಲಿ ಬೋರ್ಡನ್ನು ಹಾಳು ಮಾಡುವುದು ನೀರಿಗಿಂತ ಇರುವೆ. ಬೆಚ್ಚಗಿರುವ ಟ್ರಾನ್ಸ್‌ಫಾರ್ಮರ್ ಪಕ್ಕ ಮಣ್ಣು ತಂದು ಗೂಡು ಕಟ್ಟುತ್ತವೆ, ಮೊಟ್ಟೆಯನ್ನು ರಿಲೇಗಳ ಸಂದಿಯಲ್ಲಿ ಸಾಲಾಗಿ ಇಡುತ್ತವೆ. ಅವುಗಳ ಬೆನ್ನ ಹಿಂದೆ ಹಲ್ಲಿ ಬರುತ್ತದೆ, ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕಿ ಅದೂ ಸಾಯುತ್ತದೆ, ಬೋರ್ಡೂ ಸಾಯುತ್ತದೆ. ದೂಳು, ನೀರು ಒಳನುಗ್ಗದ ಐಪಿ65 ಪೆಟ್ಟಿಗೆ ತೆಗೆದುಕೊಳ್ಳಿ, ಕೇಬಲ್‌ಗಳೆಲ್ಲ ತಳದಿಂದಲೇ ಗ್ಲ್ಯಾಂಡ್ (ಕೇಬಲ್ಲನ್ನು ಬಿಗಿಹಿಡಿಯುವ ಬಿರಡೆ) ಮೂಲಕ ಒಳಬರಲಿ, ಬಳಸದ ತೂತುಗಳನ್ನು ಮುಚ್ಚಿ. ಗ್ಲ್ಯಾಂಡಿಗೆ ಮುನ್ನ ಕೇಬಲ್ ಸ್ವಲ್ಪ ಕೆಳಗೆ ಜೋಲಿ ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಫೋಟೋ ಸೆಲ್ಲಿನ ಗಾಜಿನ ಎದುರು ಜೇಡ ಬಲೆ ಕಟ್ಟಿದರೂ ಶಟರ್ ಮುಚ್ಚುವುದಿಲ್ಲ. ಮಳೆಗಾಲದಲ್ಲಿ ಮನೆ ಗುಡಿಸುವವರಿಗೆ ಅದನ್ನೂ ಒರೆಸಲು ಹೇಳಿಡಿ.

ವೈಫೈ ಬಗ್ಗೆ ಒಂದು ಮಾತು. ಇಎಸ್‌ಪಿಯನ್ನು ಮೋಟಾರಿನ ಲೋಹದ ಕವಚದೊಳಗೆ ಇಡಬೇಡಿ, ಸಿಗ್ನಲ್ ಸಿಗುವುದಿಲ್ಲ. ಹೊರಗೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ.

ವಾಶಿ ವೀಕ್ಷಕ

ಹೊಸ ಮೋಟಾರಿನ ಆಪ್ ಬಗ್ಗೆ ಒಂದು ವಿಷಯ ಗೊತ್ತಿರಲಿ. ಅಮೆರಿಕದಲ್ಲಿರುವ ನಮ್ಮ ಭಾವನ ಮನೆಯಲ್ಲಿ ಚೇಂಬರ್ಲೇನ್ ಗ್ಯಾರೇಜ್ ಮೋಟಾರ್ ಇದೆ. ಅದರ ಮೈಕ್ಯೂ ಸೇವೆಯನ್ನು ಬಹಳ ಜನ ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಿಕೊಂಡಿದ್ದರು. 2023ರ ಕೊನೆಯಲ್ಲಿ ಕಂಪನಿ ಅನುಮತಿಯಿಲ್ಲದ ಹೊರಗಿನ ಆಪ್‌ಗಳಿಗೆ ದಾರಿ ಮುಚ್ಚಿತು. ಆ ವರ್ಷ ಡಿಸೆಂಬರ್‌ನ ಆವೃತ್ತಿಯಲ್ಲಿ ಹೋಮ್ ಅಸಿಸ್ಟೆಂಟ್ ಆ ಜೋಡಣೆಯನ್ನೇ ಕೈಬಿಟ್ಟಿತು. ಆ ಕಂಪನಿಯ ಹೊಸ ಮೋಟಾರುಗಳಲ್ಲಿ ಗೋಡೆಯ ಗುಂಡಿಯ ತಂತಿಯಲ್ಲಿ ಸಂಕೇತೀಕರಿಸಿದ ಸಂದೇಶ ಓಡುತ್ತದೆ, ಬರೀ ಕೂಡಿಸಿದರೆ ಬಾಗಿಲು ಅಲುಗುವುದಿಲ್ಲ. ಅದನ್ನು ಅರ್ಥ ಮಾಡಿಕೊಳ್ಳುವ ರಾಟ್‌ಜಿಡಿಒ ಎಂಬ ಪುಟ್ಟ ಬೋರ್ಡನ್ನು ಈಗ ಜನ ಹಾಕಿಕೊಳ್ಳುತ್ತಾರೆ, ಅದು ಮನೆಯ ವೈಫೈಯಲ್ಲೇ ಮಾತಾಡುತ್ತದೆ.

ನಮ್ಮ ಸಾದಾ ಬೋರ್ಡಿನ ಡ್ರೈ ಕಾಂಟ್ಯಾಕ್ಟ್ ಇದಕ್ಕಿಂತ ಎಷ್ಟೋ ಮೇಲು. ಆ ದಾರಿಯನ್ನು ದೂರದಲ್ಲಿ ಕುಳಿತ ಯಾವ ಕಂಪನಿಯೂ ಮುಚ್ಚಲಾರದು.

ಕೇಳಬೇಕೆಂದುಕೊಂಡದ್ದು ಬೇರೆ. ಕಾರಿನ ಗಾಜಿನ ಮೇಲೆ ಹೇಗೂ ಫಾಸ್ಟ್ಯಾಗ್ ಇದೆ. ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಅದನ್ನು ಓದುವ ಯಂತ್ರ ಇಡುತ್ತಾರಲ್ಲ, ಮನೆಗೂ ಇಡಬಾರದೇ?

ಹಿಂಜವಡಿ ಇಂಜಿನಿಯರ್

ಫಾಸ್ಟ್ಯಾಗ್ 865ರಿಂದ 867 ಮೆಗಾಹರ್ಟ್ಸ್ ನಡುವಿನ ಯುಎಚ್‌ಎಫ್ ಟ್ಯಾಗ್. ಅದರ ಸಂಖ್ಯೆಯನ್ನು ಯಾವ ರೀಡರ್ ಬೇಕಾದರೂ ಹಲವು ಮೀಟರ್ ದೂರದಿಂದ ಓದುತ್ತದೆ. ಕಾವಲುಗಾರ ಕುಳಿತಿರುವ ಸೊಸೈಟಿ ಗೇಟಿಗೆ ಅದು ಅನುಕೂಲ. ಮನೆಯ ಬೀಗಕ್ಕೆ ಅದನ್ನೊಂದನ್ನೇ ನೆಚ್ಚಿಕೊಳ್ಳುವುದು ಬೇಡ. ಶಟರ್ ಎದುರು ಕಾರು ನಿಲ್ಲಿಸಿ ಸಾಮಾನು ಇಳಿಸುತ್ತಿದ್ದರೂ ಅದು ತೆರೆಯುತ್ತಲೇ ಇರುತ್ತದೆ.

ಮುಲುಂಡ್ ಮನೆ

ಬೀಗದ ಮಾತು ಬಂದದ್ದರಿಂದ ಹೇಳುತ್ತೇನೆ, ರಿಮೋಟನ್ನೂ ನೋಡಿಕೊಳ್ಳಿ. ನಮ್ಮಲ್ಲಿ ಬರುವ ರಿಮೋಟ್‌ಗಳು ಹೆಚ್ಚಾಗಿ 433.92 ಮೆಗಾಹರ್ಟ್ಸ್‌ನವು. ಒಳಗೆ ಪಿಟಿ2262 ಅಥವಾ ಇವಿ1527 ಚಿಪ್ ಇದ್ದರೆ ಪ್ರತಿ ಸಲವೂ ಒಂದೇ ಸಂಕೇತ ಹೊರಡುತ್ತದೆ. ಅದನ್ನು ಒಮ್ಮೆ ಹಿಡಿದಿಟ್ಟುಕೊಂಡವರು ಯಾವಾಗ ಬೇಕಾದರೂ ಮತ್ತೆ ಕಳುಹಿಸಬಹುದು. ರಿಮೋಟ್ ನಕಲು ಮಾಡುವ ಪುಟ್ಟ ರಿಮೋಟ್‌ಗಳು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತವೆ. ಎಚ್‌ಸಿಎಸ್301 ಇದ್ದರೆ ಅದು ಕೀಲಾಕ್ ರೋಲಿಂಗ್ ಕೋಡ್, ಪ್ರತಿ ಒತ್ತಿಗೂ ಸಂಕೇತ ಬದಲಾಗುತ್ತದೆ. ಅದನ್ನೂ ದಾಟುವ ಸಾಧನವನ್ನು ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕಾರ್ 2015ರಲ್ಲಿ ತೋರಿಸಿದ್ದರು, ಆದರೂ ಸ್ಥಿರ ಸಂಕೇತಕ್ಕೂ ಇದಕ್ಕೂ ಅಜಗಜಾಂತರ. ಸ್ಥಿರ ಸಂಕೇತವಾಗಿದ್ದರೆ ಬೋರ್ಡಿನ ನೆನಪಿನಿಂದ ಆ ರಿಮೋಟ್‌ಗಳನ್ನು ಅಳಿಸಿ, ರೋಲಿಂಗ್ ಕೋಡ್ ಇರುವ ಪ್ರತ್ಯೇಕ ರಿಸೀವರ್ ತಂದು ಅದರ ಕಾಂಟ್ಯಾಕ್ಟನ್ನೂ ಇದೇ ಟರ್ಮಿನಲ್‌ಗಳಿಗೆ ಕೊಡಿ. ಇಷ್ಟೆಲ್ಲ ಎನ್‌ಕ್ರಿಪ್ಷನ್ ಹಾಕಿ ಹೋಮ್ ಅಸಿಸ್ಟೆಂಟ್ ಕಟ್ಟಿ, ಹಳೆಯ ರಿಮೋಟಿನ ಬಾಗಿಲು ತೆರೆದಿಟ್ಟರೆ ಏನು ಬಂತು?

ಧ್ವನಿ ಸಹಾಯಕಕ್ಕೆ ಕೊಡುವುದಾದರೆ ಹೋಮ್ ಅಸಿಸ್ಟೆಂಟ್‌ನಲ್ಲಿ ಇದನ್ನು ಗ್ಯಾರೇಜ್ ಬಗೆಯ ಕವರ್ ಎಂದೇ ಗುರುತಿಸಿ. ಆಗ ಗೂಗಲ್ ಅಸಿಸ್ಟೆಂಟ್ ತೆರೆಯುವ ಮುಂಚೆ ಪಿನ್ ಕೇಳುತ್ತದೆ. ಸಾದಾ ಸ್ವಿಚ್ ಎಂದು ಕೊಟ್ಟರೆ ಕಿಟಕಿಯ ಹೊರಗೆ ನಿಂತು ಯಾರು ಕೂಗಿದರೂ ತೆರೆದುಕೊಂಡೀತು.

ಬಾಣೇರ್ ನಿವಾಸಿ

ರಿಮೋಟ್ ಬಿಚ್ಚಿ ನೋಡಿದೆ, 1527 ಎಂದೇ ಇದೆ. ಅದನ್ನು ಬದಲಿಸುತ್ತೇನೆ.

ವಿದ್ಯುತ್ ಇಲ್ಲದಾಗ ಏನು ಮಾಡುವುದು? ಶಟರ್ ಮೋಟಾರನ್ನೇ ಇನ್ವರ್ಟರ್ ಮೇಲೆ ಹಾಕಬಹುದೇ? ಹೊರಗಿನಿಂದ ಆಪ್ ಬಳಸಲು ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆಯಲು ನೋಡಿದೆ, ಅದೂ ಆಗುತ್ತಿಲ್ಲ.

ಪಿಂಪ್ರಿ ಗೇಟು ಕೆಲಸ

ಮನೆಯ ಸಣ್ಣ ಇನ್ವರ್ಟರ್ ಮೇಲೆ ಬೇಡ. ಮೋಟಾರ್ ಹೊರಡುವಾಗ ಎಳೆಯುವ ಕರೆಂಟಿಗೆ ಇನ್ವರ್ಟರ್ ಟ್ರಿಪ್ ಆಗುತ್ತದೆ. ಸ್ಕ್ವೇರ್ ವೇವ್ ಆದರೆ ಮೋಟಾರ್ ಗುರುಗುಟ್ಟಿ ಬಿಸಿಯೇರುತ್ತದೆ. ಅದಕ್ಕೇ ಕೈಚೈನ್ ಕೊಟ್ಟಿರುವುದು. ಮನೆಯಲ್ಲಿ ಎಲ್ಲರಿಗೂ ಒಮ್ಮೆ ಎಳೆಯಲು ಕಲಿಸಿ, ಅಪ್ಪನವರಿಗೂ.

ಹಿಂಜವಡಿ ಇಂಜಿನಿಯರ್

ಪೈ, ರೌಟರ್, ಇಎಸ್‌ಪಿ ಮೂರನ್ನು ಇನ್ವರ್ಟರ್ ಮೇಲೆ ಹಾಕಿ. ಮೋಟಾರಿಗೆ ಶಕ್ತಿ ಇಲ್ಲದಿದ್ದರೂ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ, ಕೈಚೈನಿನಿಂದ ಎತ್ತಿದರೂ ತಿಳಿಯುತ್ತದೆ. ತೆರೆಯಲು ಹೇಳಿ ನಿಗದಿತ ಹೊತ್ತಿನೊಳಗೆ ಮೇಲಿನ ಸೆನ್ಸರ್ ಕೂಡದಿದ್ದರೆ ಸೂಚನೆ ಬರುವಂತೆ ಬರೆಯಿರಿ.

ಪೋರ್ಟ್ ತೆರೆಯಲು ಆಗದಿರುವುದಕ್ಕೆ ಕಾರಣ ಬಹುಶಃ ನಿಮ್ಮ ಇಂಟರ್ನೆಟ್ ಸಂಪರ್ಕ ಸಿಜಿನ್ಯಾಟ್ ಹಿಂದಿರುವುದು. ಹಲವು ಮನೆಗಳಿಗೆ ಸೇರಿ ಹೊರಗೆ ಒಂದೇ ಐಪಿ ವಿಳಾಸ ಇರುತ್ತದೆ. ತೆರೆಯಲು ಬಂದರೂ ತೆರೆಯಬೇಡಿ ಎಂದೇ ನಾನು ಹೇಳುವುದು. ಟೇಲ್‌ಸ್ಕೇಲ್ ಹಾಕಿ. ವೈರ್‌ಗಾರ್ಡ್ ಮೇಲೆ ನಡೆಯುವ ಖಾಸಗಿ ಜಾಲ ಅದು, ನಿಮ್ಮ ಮೊಬೈಲ್‌ಗಳಿಗೆ ಮಾತ್ರ ಮನೆ ಕಾಣುತ್ತದೆ.

ಬಾಣೇರ್ ನಿವಾಸಿ

ಈ ವಾರಾಂತ್ಯ ಅರ್ಧ ಕೆಲಸ ಮುಗಿಯಿತು. ರಿಲೇ ಪೆಟ್ಟಿಗೆ ಕೂತಿದೆ, ಮೇಜಿನ ಪರೀಕ್ಷೆಯಲ್ಲಿ ಒಮ್ಮೆಯೂ ಟಿಕ್ ಎನ್ನಲಿಲ್ಲ. ನಿಲ್ಲಿಸು ಗುಂಡಿ ನಮ್ಮದರಲ್ಲಿ ಒತ್ತಿದಾಗ ಕೂಡುವಂಥದ್ದೇ. ಒಂದು ತೊಂದರೆ ಉಳಿದಿದೆ. ಮೋಟಾರ್ ಓಡಲು ಶುರುವಾದ ಕೂಡಲೇ ಕೆಳಗಿನ ಸೆನ್ಸರ್ ತೆರೆದಿದೆ, ಮುಚ್ಚಿದೆ, ತೆರೆದಿದೆ ಎಂದು ತಕತಕ ಬದಲಾಗುತ್ತದೆ. ಅದರ ತಂತಿ ಮೋಟಾರಿನ 230 ವೋಲ್ಟ್ ಕೇಬಲ್ ಇರುವ ಪೈಪಿನಲ್ಲೇ ಬಂದಿದೆ.

ಫೋಂಡಾ ತೋಟದ ಮನೆ

ಪೈಪು ಬೇರೆ ಮಾಡಲೇಬೇಕು. ಮೋಟಾರಿನ ಕರೆಂಟು ಆ ತೆಳು ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತಿದೆ. ಸುರಕ್ಷತೆಯ ದೃಷ್ಟಿಯಿಂದಲೂ 230 ವೋಲ್ಟ್ ಜೊತೆ ಸಿಗ್ನಲ್ ತಂತಿ ಒಂದೇ ಪೈಪಿನಲ್ಲಿ ಇರಬಾರದು. ಶೀಲ್ಡ್ ಇರುವ ಕೇಬಲ್ ಹಾಕಿ, ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಅರ್ಥಿಂಗ್‌ಗೆ ಕೊಡಿ.

ಹಿಂಜವಡಿ ಇಂಜಿನಿಯರ್

ಜೊತೆಗೆ ಇಎಸ್‌ಪಿಯ ಒಳಗಿನ ಪುಲ್‌ಅಪ್ (ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿಡುವ ರೆಸಿಸ್ಟರ್) ಬಹಳ ದುರ್ಬಲ. ಸೆನ್ಸರ್ ಪಿನ್‌ನಿಂದ 3.3 ವೋಲ್ಟ್‌ಗೆ ಹೊರಗಿನಿಂದ 2.2 ಕಿಲೋಓಮ್ ರೆಸಿಸ್ಟರ್ ಹಾಕಿ. ಸೆನ್ಸರ್ ಬದಲಾವಣೆ 100 ಮಿಲಿಸೆಕೆಂಡ್ ನಿಂತರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಇಎಸ್‌ಪಿಹೋಮ್‌ನಲ್ಲಿ ಫಿಲ್ಟರ್ ಕೊಡಿ.

ಬಾಣೇರ್ ನಿವಾಸಿ

ಬೇರೆ ಪೈಪು ಎಳೆದು ರೆಸಿಸ್ಟರ್ ಹಾಕಿದ ಮೇಲೆ ಸೆನ್ಸರ್ ಸ್ಥಿರವಾಗಿದೆ. ಮೋಟಾರ್ ಓಡುವಾಗಲೂ ಅಲುಗುತ್ತಿಲ್ಲ. ಪೈಯನ್ನು ಆರಿಸಿಯೂ ನೋಡಿದೆ, ಗೋಡೆಯ ಗುಂಡಿಗಳು ಮೊದಲಿನಂತೆಯೇ ಕೆಲಸ ಮಾಡುತ್ತಿವೆ. ಅಪ್ಪನಿಗೆ ಏನೂ ಬದಲಾಗಿಲ್ಲ. ರೋಲಿಂಗ್ ಕೋಡ್ ರಿಸೀವರ್ ಬಂದಿದೆ, ಹಳೆಯ ರಿಮೋಟ್‌ಗಳನ್ನು ಅಳಿಸಿದ್ದೇನೆ. ಫೋಟೋ ಸೆಲ್ ತರಿಸಲು ಹೇಳಿದ್ದೇನೆ. ಅದು ಐಆರ್ ಟರ್ಮಿನಲ್‌ಗೆ ಸೇರಿ ಪರೀಕ್ಷೆ ಮುಗಿಯುವವರೆಗೆ ಡೌನ್ ರಿಲೇಯ ತಂತಿಯನ್ನು ಬಿಚ್ಚಿ ಟೇಪು ಸುತ್ತಿಟ್ಟಿದ್ದೇನೆ. ಸದ್ಯಕ್ಕೆ ಆಪ್‌ನಲ್ಲಿ ಇರುವುದು ಮೇಲೆ ಮತ್ತು ನಿಲ್ಲಿಸು, ಎರಡೇ.